ದೂರಶಿಕ್ಷಣದಲ್ಲಿ ಪರಿಸರ ವಿಜ್ಞಾನ ಓದಬೇಕು ಅಂದುಕೊಂಡವರೇ, ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ಕೆಲಸ ಮಾಡುತ್ತಲೇ ಮತ್ತೆ ಓದಬೇಕು ಅಂತ ಆಸೆ ಇಟ್ಟುಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಕಳೆದುಕೊಂಡಿದ್ದು 48,000 ರೂಪಾಯಿ, ಜೊತೆಗೆ ಎರಡು ವರ್ಷದ ಭಾನುವಾರಗಳು. ಇನ್ನೊಬ್ಬರಿಗೆ ಹೀಗಾಗಬಾರದು.

ನನಗೆ 39 ವರ್ಷ, ಇಬ್ಬರು ಮಕ್ಕಳು. ಬಿ.ಎಸ್ಸಿ ಮುಗಿಸಿ ಓದು ಬಿಟ್ಟಿದ್ದೆ. ಬೆಂಗಳೂರಿನ ಒಂದು ಒಣ ಕಸ ಸಂಗ್ರಹ ಕೇಂದ್ರದಲ್ಲಿ ಲೆಕ್ಕ ಬರೆಯುತ್ತೇನೆ. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬರುವುದನ್ನು ಕಣ್ಣಾರೆ ನೋಡಿದವಳು. 2014ರಲ್ಲಿ, ಬೆಂಗಳೂರಿನ ಕಸ ಸುರಿಯುತ್ತಿದ್ದ ಮಂಡೂರು ಹಳ್ಳಿಯ ಜನ ಕಸದ ಲಾರಿಗಳ ವಿರುದ್ಧ ಬೀದಿಗಿಳಿದಿದ್ದೂ ನೆನಪಿದೆ. ನೊರೆ ಯಾಕೆ ಬರುತ್ತದೆ ಅನ್ನುವುದಕ್ಕೆ ವಿಜ್ಞಾನ ಬೇಕು. ಊರಿನ ಕಸವೆಲ್ಲ ಹಳ್ಳಿಯವರ ಬಾಗಿಲಿಗೇ ಯಾಕೆ ಹೋಗುತ್ತದೆ, ಅದನ್ನು ಬರಿಗೈಲಿ ವಿಂಗಡಿಸುವ ಹೆಂಗಸರಿಗೆ ಯಾಕೆ ಏನೂ ಸಿಗುವುದಿಲ್ಲ ಅನ್ನುವುದಕ್ಕೆ ಸರ್ಕಾರದ ನೀತಿ ಗೊತ್ತಿರಬೇಕು. ಎರಡನ್ನೂ ಓದಬೇಕು ಅಂತ ತುಂಬಾ ವರ್ಷದಿಂದ ಮನಸ್ಸಿತ್ತು.

2021ರಲ್ಲಿ ಒಂದು ಜಾಹೀರಾತು ಕಣ್ಣಿಗೆ ಬಿತ್ತು. ಎಂ.ಎಸ್ಸಿ ಪರಿಸರ ವಿಜ್ಞಾನ, ಸಾಮಾಜಿಕ ನೀತಿಯ ಪೇಪರ್ ಕೂಡ ಉಂಟು, ಭಾನುವಾರ ಮಾತ್ರ ಕ್ಲಾಸ್. ವಿಶ್ವವಿದ್ಯಾಲಯ ಬೇರೆ ರಾಜ್ಯದ್ದು. ಇಲ್ಲಿನ ಸೆಂಟರ್ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆ. ಗೋಡೆಯ ಮೇಲೆ ಕಪ್ಪು ಗೌನ್ ಹಾಕಿದವರ ಫೋಟೋಗಳು. "ಮೇಡಂ, ಟೆನ್ಷನ್ ತಗೋಬೇಡಿ, ಎಲ್ಲಾ ಯುಜಿಸಿ ಅಪ್ರೂವ್ಡ್" ಅಂತ ಅಲ್ಲಿದ್ದವರು ಒಂದು ಪತ್ರದ ಜೆರಾಕ್ಸ್ ತೋರಿಸಿದರು. ಯುಜಿಸಿ ಅಂದರೆ ವಿಶ್ವವಿದ್ಯಾಲಯಗಳ ಮೇಲುಸ್ತುವಾರಿ ನೋಡುವ ಕೇಂದ್ರದ ಆಯೋಗ. ಪತ್ರದಲ್ಲಿ ವಿಶ್ವವಿದ್ಯಾಲಯದ ಹೆಸರು ಇತ್ತು. ನಾನು ಅಷ್ಟನ್ನೇ ನೋಡಿದೆ. ಯಾವ ಕೋರ್ಸಿಗೆ, ಯಾವ ವರ್ಷಕ್ಕೆ ಅಂತ ನೋಡಲಿಲ್ಲ. ಮೂಲ ಅಂಕಪಟ್ಟಿಗಳನ್ನೂ ಅವತ್ತೇ ಕೊಟ್ಟುಬಿಟ್ಟೆ.

ಮೊದಲ ಆರು ತಿಂಗಳು ಕ್ಲಾಸ್ ನಡೆದಿದ್ದು ನಾಲ್ಕೇ ಭಾನುವಾರ. ಸಾಮಾಜಿಕ ನೀತಿಗೆ 12 ಪುಟದ ನೋಟ್ಸ್ ಕೊಟ್ಟರು, ಅದರಲ್ಲಿ ಪೌರಕಾರ್ಮಿಕರ ಬಗ್ಗೆ ಒಂದು ಸಾಲೂ ಇರಲಿಲ್ಲ. ಆದರೂ ಸುಮ್ಮನಿದ್ದೆ. ದೊಡ್ಡವರಾದ ಮೇಲೆ ಓದುವಾಗ ಹೀಗೇ ಇರಬಹುದು ಅಂದುಕೊಂಡೆ.

ಆಮೇಲೆ ಪ್ರಾಕ್ಟಿಕಲ್. ಅದಕ್ಕೆ ಬೇರೆಯಾಗಿ 6,000 ರೂಪಾಯಿ ತೆಗೆದುಕೊಂಡರು. ಲ್ಯಾಬ್ ಎಲ್ಲಿ ಅಂತ ಕೇಳಿದರೆ, "ಲ್ಯಾಬ್ ಎಲ್ಲಾ ಯಾಕೆ ಮೇಡಂ, ರೆಕಾರ್ಡ್ ಬರೆದರೆ ಸಾಕು" ಅಂತ ಮೊದಲೇ ತುಂಬಿಸಿದ್ದ ಒಂದು ಪುಸ್ತಕ ಕೈಗಿಟ್ಟರು, ನಕಲು ಮಾಡಲು. ನೀರಿನಲ್ಲಿ ಕರಗಿದ ಆಮ್ಲಜನಕ ಎಷ್ಟಿದೆ ಅಂತ ಅಳೆಯುವ ಪ್ರಯೋಗ, ವಿಂಕ್ಲರ್ ವಿಧಾನ. ಮಾದರಿ: ಬೆಳ್ಳಂದೂರು ಕೆರೆ ನೀರು. ಬಾಟಲಿಯಲ್ಲಿ ಗಾಢ ಕಂದು ಬಣ್ಣ ಬಂತು ಅಂತ ಬರೆದಿತ್ತು. ಫಲಿತಾಂಶ, ಲೀಟರಿಗೆ 7.2 ಮಿಲಿಗ್ರಾಂ.

ನಾನು ಪೆನ್ ಕೆಳಗಿಟ್ಟೆ. 7.2 ಅಂದರೆ ಚೊಕ್ಕ ಹರಿಯುವ ನೀರು. ಕೊಳಚೆ ತುಂಬಿ, ಬೆಂಕಿ ಹತ್ತಿಕೊಂಡ ಕೆರೆ ಅದು. ಅದರ ಪಕ್ಕದಲ್ಲಿ ಮೂಗು ಮುಚ್ಚಿಕೊಂಡು ಓಡಾಡಿದವಳು ನಾನು. ಆದರೂ ನಕಲು ಮಾಡಿ ಕೊಟ್ಟೆ. ಅದು ಈಗಲೂ ನೋಯಿಸುತ್ತದೆ. ದುಡ್ಡಿಗಿಂತ ಜಾಸ್ತಿ.

2023ರಲ್ಲಿ ಒಂದು ಗುತ್ತಿಗೆ ಹುದ್ದೆಗೆ ದಾಖಲೆ ತೋರಿಸಲು ಹೋದಾಗ ನಿಜ ಗೊತ್ತಾಯಿತು. ಅಲ್ಲಿದ್ದ ಹಿರಿಯ ಗುಮಾಸ್ತರು ಯುಜಿಸಿ ದೂರಶಿಕ್ಷಣ ವಿಭಾಗದ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ತೆಗೆದು, ಪರದೆಯನ್ನು ನನ್ನ ಕಡೆ ತಿರುಗಿಸಿದರು. ವಿಶ್ವವಿದ್ಯಾಲಯದ ಹೆಸರು ಇತ್ತು. ಬಿ.ಎ, ಬಿ.ಕಾಂ, ಎಂ.ಬಿ.ಎ ಇತ್ತು. ಪರಿಸರ ವಿಜ್ಞಾನ ಇರಲಿಲ್ಲ. "ಅವರು ನಮ್ಮ ರಾಜ್ಯದಲ್ಲಿ ಸೆಂಟರ್ ಇಡೋ ಹಾಗೇ ಇಲ್ಲಮ್ಮಾ" ಅಂದರು. ದನಿಯಲ್ಲಿ ಬೈಗುಳ ಇರಲಿಲ್ಲ. ಅದಕ್ಕೇ ಇನ್ನೂ ಅಳು ಬಂತು.

ನನ್ನ ತಪ್ಪು ಏನು ಅಂತ ಈಗ ಸ್ಪಷ್ಟವಾಗಿ ಗೊತ್ತು. ದೂರಶಿಕ್ಷಣಕ್ಕೆ ಯುಜಿಸಿ ಮಾನ್ಯತೆ ಕೊಡುವಾಗ ಯಾವ ಕೋರ್ಸು, ಯಾವ ವರ್ಷದ ದಾಖಲಾತಿ ಅಂತ ನೋಡಿ ಕೊಡುತ್ತದೆ. ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇದೆ ಅಂದ ಮಾತ್ರಕ್ಕೆ ನಿಮ್ಮ ಕೋರ್ಸಿಗೆ ಇದೆ ಅಂತಲ್ಲ. ರಾಜ್ಯದ ವಿಶ್ವವಿದ್ಯಾಲಯಗಳಿಗೆ ಅವುಗಳದ್ದೇ ವ್ಯಾಪ್ತಿ ಇರುತ್ತದೆ, ದೂರಶಿಕ್ಷಣದ ಕಲಿಕಾ ಕೇಂದ್ರವನ್ನು ಅದರಾಚೆ ತೆರೆಯುವಂತಿಲ್ಲ. ಫ್ರಾಂಚೈಸಿ ಕೊಟ್ಟು, ಅಂದರೆ ಬೇರೆಯವರ ಕೈಗೆ ಒಪ್ಪಿಸಿ, ನಡೆಸುವುದನ್ನು ಯುಜಿಸಿಯ 2020ರ ನಿಯಮಗಳು ನಿಷೇಧಿಸಿವೆ. ಹಾಗಾಗಿ ಸೆಂಟರಿನವರು ತೋರಿಸುವ ಜೆರಾಕ್ಸ್ ನಂಬಬೇಡಿ, ಯುಜಿಸಿ ಪಟ್ಟಿಯನ್ನು ನೀವೇ ತೆಗೆದು ನಿಮ್ಮ ಕೋರ್ಸಿನ ಸಾಲಿನ ಮೇಲೆ ಬೆರಳಿಟ್ಟು ನೋಡಿ. ಈಗ ದಾಖಲಾಗುವ ಮುಂಚೆ ಯುಜಿಸಿ ತಾಣದಲ್ಲಿ ನಿಮ್ಮದೇ ಡೆಬ್ ಐಡಿ (ದೂರಶಿಕ್ಷಣ ವಿಭಾಗದ ಗುರುತಿನ ಸಂಖ್ಯೆ) ಮಾಡಿಕೊಳ್ಳಬೇಕು. ಅದೆಲ್ಲ ಬೇಡ, ನಾವೇ ನೋಡಿಕೊಳ್ಳುತ್ತೇವೆ ಅಂತ ಯಾರಾದರೂ ಅಂದರೆ ಅಲ್ಲಿಂದ ಎದ್ದು ಬನ್ನಿ. ಫೀಸನ್ನು ವಿಶ್ವವಿದ್ಯಾಲಯದ ಖಾತೆಗೇ ಕಟ್ಟಿ. ನಾನು ಕಟ್ಟಿದ್ದು ಒಬ್ಬ ವ್ಯಕ್ತಿಯ ಫೋನ್ ನಂಬರಿಗೆ. ಮತ್ತೆ ವಿಜ್ಞಾನದ ಕೋರ್ಸ್ ಆದರೆ ಲ್ಯಾಬ್ ಎಲ್ಲಿದೆ ಅಂತ ಕೇಳಿ, ಹೋಗಿ ಕಣ್ಣಾರೆ ನೋಡಿ.

ಅಂಕಪಟ್ಟಿಗಳಿಗೆ ಮೂರು ತಿಂಗಳು ಅಲೆದೆ. ಮೂಲ ದಾಖಲೆಗಳನ್ನು ಇಟ್ಟುಕೊಳ್ಳಬಾರದು ಅಂತ ಯುಜಿಸಿ 2018ರಲ್ಲೇ ಹೇಳಿದೆ. ಅದನ್ನು ಬರೆದು ರಿಜಿಸ್ಟರ್ ಪೋಸ್ಟ್ ಕಳಿಸಿದ ವಾರದಲ್ಲೇ ವಾಪಸ್ ಬಂದವು. ದುಡ್ಡು ಬಂದಿಲ್ಲ.

ಈಗ ಒಂದು ಮುಕ್ತ ವಿಶ್ವವಿದ್ಯಾಲಯದಲ್ಲಿ ಮೊದಲಿನಿಂದ ಶುರು ಮಾಡಿದ್ದೇನೆ, ಪಟ್ಟಿ ನೋಡಿಯೇ. ಹೋದ ತಿಂಗಳು ಅದೇ ಪ್ರಯೋಗ ಮಾಡಿಸಿದರು. ಬಾಟಲಿಯಲ್ಲಿ ಒಂದು ಗುಳ್ಳೆಯೂ ಉಳಿಯಬಾರದು, ರಾಸಾಯನಿಕವನ್ನು ಕೆರೆ ದಂಡೆಯಲ್ಲೇ ಬಾಟಲಿಗೆ ಹಾಕಬೇಕು ಅಂತ ಅವತ್ತೇ ಗೊತ್ತಾಗಿದ್ದು. ನಮ್ಮ ಮನೆ ಹತ್ತಿರದ, ಚರಂಡಿ ನೀರು ಸೇರುವ ಕೆರೆಯಲ್ಲಿ ಮೊಣಕೈವರೆಗೆ ಕೈ ಅದ್ದಿ ಬಾಟಲಿ ತುಂಬಿದೆ. ಆಮ್ಲಜನಕ ಇದ್ದರೆ ಕಂದು ಬಣ್ಣ ಬರಬೇಕು. ಐದು ನಿಮಿಷ ಕಾದೆವು. ಕಂದು ಬರಲೇ ಇಲ್ಲ. ಬಾಟಲಿಯ ತಳದಲ್ಲಿ ಬಿಳಿ ಮಡ್ಡಿ ಕೂತಿತ್ತು.