ಬಾಯಿ ಒಣಗಿಸದ ಮಾತ್ರೆ ಸಿಗಲು ನನಗೆ ಒಂದು ವರ್ಷ ಬೇಕಾಯಿತು

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಓಡಾಡುವ ಹೆಂಗಸರಿಗೆ ನನ್ನ ಕಷ್ಟ ಬೇಗ ಅರ್ಥವಾಗುತ್ತದೆ. ಒಂದಕ್ಕೆ ಹೋಗಿಯೇ ಮನೆ ಬಿಟ್ಟಿರುತ್ತೇನೆ, ಮಂಡಗದ್ದೆ ಬರುವುದರೊಳಗೆ ಮತ್ತೆ ಅವಸರ. ತಡೆಯಲಿಕ್ಕೇ ಆಗುವುದಿಲ್ಲ. ರಾತ್ರಿ ನಾಲ್ಕೈದು ಸಲ ಏಳುವುದು ಬೇರೆ, ಅದೂ ಆಷಾಢದ ಮಳೆಯಲ್ಲಿ ಟಾರ್ಚ್ ಹಿಡಿದುಕೊಂಡು ಹಿತ್ತಿಲಿಗೆ. ವಯಸ್ಸಾಯಿತು ಅಂತ ಮೂರು ವರ್ಷ ಸುಮ್ನೆ ಇದ್ದೆ. ಹಾಗೆ ಇರಬಾರದಿತ್ತು. ಇದಕ್ಕೆ ಓವರ್‌ಆ್ಯಕ್ಟಿವ್ ಬ್ಲ್ಯಾಡರ್ ಅಂತ ಹೆಸರಿದೆ, ಔಷಧಿಯೂ ಇದೆ.

ಯೂರಿನ್ ಇನ್‌ಫೆಕ್ಷನ್ ಇಲ್ಲ, ಶುಗರ್ ಇಲ್ಲ ಅಂತ ಟೆಸ್ಟ್ ಆದ ಮೇಲೆ ಮೊದಲು ಕೊಟ್ಟಿದ್ದು ಆಕ್ಸಿಬ್ಯುಟಿನಿನ್. ಎರಡೇ ತಿಂಗಳಿಗೆ ಬಿಟ್ಟೆ. ಆಮೇಲೆ ಸೋಲಿಫೆನಾಸಿನ್ 5 ಮಿಲಿಗ್ರಾಂ, ದಿನಕ್ಕೊಂದು. ಅವಸರ ನಿಜವಾಗಿ ಕಮ್ಮಿಯಾಯಿತು, ರಾತ್ರಿ ಏಳುವುದು ಎರಡು ಸಲಕ್ಕೆ ಇಳಿಯಿತು.

ಆದರೆ ಬಾಯಿ! ಬೆಳಗ್ಗೆ ಎದ್ದರೆ ನಾಲಿಗೆ ಅಂಗುಳಿಗೆ ಅಂಟಿಕೊಂಡಿರುತ್ತಿತ್ತು. ಅಕ್ಕಿ ರೊಟ್ಟಿಯ ತುತ್ತು ಬಾಯಲ್ಲಿ ಹಾಗೇ ನಿಲ್ಲುತ್ತಿತ್ತು, ಒಂದೊಂದು ತುತ್ತಿಗೂ ಒಂದು ಗುಟುಕು ಮಜ್ಜಿಗೆ ಬೇಕು. ಅಡಿಕೆ ಸುಲಿಯಲು ಕೂತರೆ ಮಾತು ಬೇಕೇ ಬೇಕು ಅಲ್ವಾ, ಹತ್ತು ನಿಮಿಷಕ್ಕೆ ತುಟಿ ಅಂಟಿ ನನ್ನ ಮಾತೇ ನಿಂತು ಹೋಗುತ್ತಿತ್ತು, ಪಕ್ಕದ ಮನೆ ಅಕ್ಕ ‘ಯಾಕೆ ಮಾರಾಯ್ತಿ, ಹುಷಾರಿಲ್ವಾ?’ ಅಂತ ಕೇಳುವಷ್ಟು. ಬಾಯಿ ಒಣಗಿತು ಅಂತ ನೀರು ಕುಡಿದರೆ ಮತ್ತೆ ಬಚ್ಚಲು. ಒಂಬತ್ತು ತಿಂಗಳು ಹೀಗೇ ಕಳೆದೆ, ಮಲಬದ್ಧತೆಯನ್ನೂ ಸಹಿಸಿಕೊಂಡು. ಹೀಗಾಗಬಹುದು ಅಂತ ಮಾತ್ರೆ ಬರೆದವರು ಒಂದು ಮಾತು ಹೇಳಲಿಲ್ಲ, ನನಗೆ ಇವತ್ತಿಗೂ ಬೇಜಾರು ಅದೇ.

ಬೇರೆ ಡಾಕ್ಟರ್ ಹತ್ತಿರ ಹೋದಾಗ ಬಿಡಿಸಿ ಹೇಳಿದರು. ಮೂತ್ರಚೀಲ ಹಿಂಡಿಕೊಳ್ಳಲು ನರದಿಂದ ಬರುವ ಸೂಚನೆಯನ್ನು ಈ ಮಾತ್ರೆಗಳು ತಡೆಯುತ್ತವೆ, ಬಾಯಲ್ಲಿ ಜೊಲ್ಲು ಬರುವುದಕ್ಕೂ ಅದೇ ಸೂಚನೆ ಬೇಕು. ಟೋಲ್ಟೆರೋಡಿನ್ ಕೂಡ ಅದೇ ಗುಂಪು. ಕಣ್ಣಿನ ಗ್ಲಾಕೋಮಾ ಇದ್ದವರು ಮೊದಲೇ ಹೇಳಬೇಕಂತೆ, ಕೆಲವು ಬಗೆಯ ಗ್ಲಾಕೋಮಾಕ್ಕೆ ಇವು ಆಗುವುದಿಲ್ಲ. ವಯಸ್ಸಾದವರಿಗೆ ಮರೆವು, ಗೊಂದಲ ಜಾಸ್ತಿಯಾಗಬಹುದು. ನಮ್ಮ ಅತ್ತೆಗೆ ಎಂಬತ್ತಾಗಿದೆ, ಅವರಿಗೂ ಇದೇ ತೊಂದರೆ. ನನ್ನ ಸ್ಟ್ರಿಪ್ಪಿನಿಂದಲೇ ಎರಡು ಮಾತ್ರೆ ಕೊಟ್ಟು ನೋಡೋಣ ಅಂದುಕೊಂಡಿದ್ದೆ, ಕೊಡಲಿಲ್ಲ, ಪುಣ್ಯ.

ಈಗ ಹದಿನಾಲ್ಕು ತಿಂಗಳಿಂದ ಮಿರಾಬೆಗ್ರಾನ್. ಇದು ಆ ಸೂಚನೆಗೆ ಅಡ್ಡ ಬರುವುದಿಲ್ಲ, ಮೂತ್ರಚೀಲದ ಸ್ನಾಯುವನ್ನು ಬೇರೆ ದಾರಿಯಿಂದ ಸಡಿಲ ಮಾಡುತ್ತದೆ. ಮೊದಲು 25, ಆಮೇಲೆ 50 ಮಿಲಿಗ್ರಾಂ. ಮೊದಲ ಮೂರು ವಾರ ಏನೂ ಗೊತ್ತಾಗಲಿಲ್ಲ, ದುಡ್ಡು ದಂಡ ಅನಿಸಿತ್ತು, ಯಾಕೆಂದರೆ ನಮ್ಮ ಮೆಡಿಕಲ್ ಶಾಪಿನಲ್ಲಿ ಇದಕ್ಕೆ ಹಳೆಯದರ ಹತ್ತಿರ ಎರಡರಷ್ಟು ರೇಟು. ಎಂಟು ವಾರದವರೆಗೆ ಕಾಯಿರಿ ಅಂದಿದ್ದರು, ಆರನೇ ವಾರಕ್ಕೆ ಹಿಡಿತ ಬಂತು. ಅವಸರ ಕಮ್ಮಿಯಾಗಿದ್ದು ಸೋಲಿಫೆನಾಸಿನ್‌ನಷ್ಟೇ, ಅದಕ್ಕಿಂತ ಜಾಸ್ತಿ ಏನಲ್ಲ. ಆದರೆ ಬಾಯಲ್ಲಿ ನೀರಿದೆ. ಮಾವಿನಮಿಡಿ ಉಪ್ಪಿನಕಾಯಿ ಭರಣಿಯ ಬಟ್ಟೆ ಬಿಚ್ಚಿದಾಗ ಜೊಲ್ಲು ಬಂತು ನೋಡಿ, ಅವತ್ತು ಎಷ್ಟು ಖುಷಿಯಾಯಿತು ಅಂದರೆ ಇವರನ್ನು ಕರೆದು ಹೇಳಿದೆ.

ಎಲ್ಲವೂ ಮಾತ್ರೆಯಿಂದಲೇ ಆಗಿದ್ದಲ್ಲ. ಸಂಜೆಯ ಕಾಫಿ ಬಿಟ್ಟಿದ್ದೇನೆ. ಅವಸರವಾದಾಗ ಓಡದೆ, ನಿಂತಲ್ಲೇ ಕೆಳಗಿನ ಸ್ನಾಯು ಬಿಗಿ ಹಿಡಿದು ಐದು ನಿಮಿಷ ಮುಂದೂಡುವುದನ್ನು ಕಲಿಸಿದರು, ಮಾತ್ರೆಗಿಂತ ಮೊದಲೇ ಇದನ್ನು ಯಾರಾದರೂ ಹೇಳಬೇಕಿತ್ತು.

ತಿಂಡಿ ಆದ ಮೇಲೆ ಬಿಸಿನೀರಿನಲ್ಲಿ ಇಡೀ ಮಾತ್ರೆ ನುಂಗುತ್ತೇನೆ. ಮುರಿಯಬಾರದು, ಅಗಿಯಬಾರದು, ಔಷಧಿಯನ್ನು ಹೊಟ್ಟೆಯೊಳಗೆ ನಿಧಾನವಾಗಿ ಬಿಡುವ ಮಾತ್ರೆ ಇದು. ಮಳೆಗಾಲದ ಥಂಡಿಗೆ ಸ್ಟ್ರಿಪ್ಪನ್ನು ಒಲೆ ಮೇಲಿನ ಗೂಡಿನಲ್ಲಿ ಇಡುತ್ತಿದ್ದೆ, ಅಲ್ಲಿ ಹಬೆ ಜಾಸ್ತಿ ಅಂತ ಈಗ ದೇವರ ಕೋಣೆಯ ಡಬ್ಬಿಗೆ ಹಾಕಿದ್ದೇನೆ. ಈ ಮಾತ್ರೆ ಬಿಪಿ ಏರಿಸಬಹುದು. ಬಿಪಿ ತೀರಾ ಜಾಸ್ತಿ ಇದ್ದು ಹತೋಟಿಗೆ ಬಾರದವರಿಗೆ ಇದನ್ನು ಕೊಡುವುದಿಲ್ಲ. ಅದಕ್ಕೆ ಪ್ರತಿ ಭಾನುವಾರ ಜಗಲಿಯಲ್ಲಿ ಕೂರಿಸಿ ಇವರು ಮೆಷಿನ್ ಕಟ್ಟಿ ನೋಡಿ, ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ. ಹೋದ ಭಾನುವಾರ 132/84 ಇತ್ತು.