‘ಎಲ್ಲಾ ಇಂಟೆಲ್‌ಗೂ ಆಗುತ್ತೆ ಸಾರ್’ ಅಂದ ಕೂಲರ್

ಬೆಂಗಳೂರಿನ ಎಸ್.ಪಿ. ರೋಡಿಗೆ ಸಿಪಿಯು ಕೂಲರ್, ಅಂದರೆ ಕಂಪ್ಯೂಟರಿನ ಮುಖ್ಯ ಚಿಪ್ಪನ್ನು ತಣ್ಣಗಿಡುವ ಫ್ಯಾನ್, ತರೋಕೆ ಹೊರಟಿದ್ದೀರಾ? ಇದನ್ನು ಓದಿಕೊಂಡು ಹೋಗಿ.

ನನ್ನ ಚಿಪ್ ಇಂಟೆಲ್ ಐ5-12400, 12ನೇ ಜನರೇಶನ್ನಿನದು. ಜೊತೆಗೆ ಬಂದ ಕೂಲರ್ ಕೆಟ್ಟದ್ದೇನಲ್ಲ. ಆದರೆ ರಾತ್ರಿ ವಿಡಿಯೊ ಎಕ್ಸ್‌ಪೋರ್ಟಿಗೆ ಹಾಕಿದರೆ ಮಿಕ್ಸಿ ತಿರುಗಿಸಿದ ಹಾಗೆ ಸದ್ದು. ಪಕ್ಕದಲ್ಲೇ ಮಗು ಮಲಗಿರುತ್ತದೆ. ಸರಿ, ಒಂದು ಶನಿವಾರ ಹೋದೆ. ಅಂಗಡಿಯವನು ಬಣ್ಣದ ಲೈಟ್ ಇರುವ ಒಂದು ಕೂಲರ್ ಮುಂದಿಟ್ಟ. ‘12ನೇ ಜನರೇಶನ್‌ಗೆ ಕೂರುತ್ತಾ?’ ಅಂದೆ. ‘ಎಲ್ಲಾ ಇಂಟೆಲ್‌ಗೂ ಆಗುತ್ತೆ ಸಾರ್, ದಿನಕ್ಕೆ ಹತ್ತು ಹೋಗುತ್ತೆ.’ ಡಬ್ಬದ ಮೇಲೆ 1151, 1200 ಅಂತ, ಚಿಪ್ ಕೂರುವ ಸಾಕೆಟ್ಟಿನ ನಂಬರುಗಳನ್ನು ಬರೆದಿತ್ತು. ನಾನು ನೋಡಿದ್ದು ಲೈಟನ್ನು.

ಮನೆಗೆ ಬಂದು ಕೂರಿಸೋಕೆ ಹೋದರೆ ಕೂಲರಿನ ಪಿನ್ನುಗಳು ಬೋರ್ಡಿನ ತೂತಿಗೆ ಸರಿಯಾಗಿ ಬರುತ್ತಿಲ್ಲ. ಪ್ಲಾಸ್ಟಿಕ್ ಕಾಲನ್ನು ಎಳೆದು, ಬಗ್ಗಿಸಿ, ಮೂರನ್ನು ಹೇಗೋ ಒತ್ತಿದೆ. ನಾಲ್ಕನೆಯದು ಅರ್ಧಕ್ಕೇ ನಿಂತಿತು. ಮೂರು ಹಿಡಿದುಕೊಂಡಿವೆಯಲ್ಲ, ಸಾಕು ಅಂದುಕೊಂಡೆ. ದಡ್ಡತನ.

ಆನ್ ಮಾಡಿದೆ. ಸುಮ್ನೆ ಇದ್ದಾಗಲೇ 60 ಡಿಗ್ರಿ ದಾಟಿತ್ತು. ಎಕ್ಸ್‌ಪೋರ್ಟ್ ಹಾಕಿದ ಒಂದೇ ನಿಮಿಷಕ್ಕೆ 100. ಆ ಚಿಪ್ಪಿಗೆ ಅದೇ ಮೇಲ್ಮಿತಿ, ಅಲ್ಲಿಂದ ಅದು ತಾನೇ ವೇಗ ಇಳಿಸಿಕೊಳ್ಳುತ್ತದೆ. ಫ್ಯಾನ್ ಮೊದಲಿಗಿಂತ ಜಾಸ್ತಿ ಕಿರುಚಿತು. ಮಗು ಎದ್ದಿತು.

ಬಿಚ್ಚಿ ನೋಡಿದರೆ, ಬಿಸಿ ದಾಟಲಿ ಅಂತ ಚಿಪ್ಪಿಗೂ ಕೂಲರಿಗೂ ನಡುವೆ ಹಚ್ಚುವ ಪೇಸ್ಟ್ ಒಂದು ಬದಿಗೆ ಮಾತ್ರ ಒತ್ತಿಕೊಂಡಿತ್ತು. ಇನ್ನೊಂದು ಬದಿ ಹಚ್ಚಿದ ಹಾಗೇ ಉಬ್ಬಿಕೊಂಡಿತ್ತು, ಒಂದು ಮಗ್ಗುಲು ಬೇಯದ ರೊಟ್ಟಿಯ ಹಾಗೆ. ಆಮೇಲೆ ಸ್ಕೇಲ್ ಹಿಡಿದು ಅಳೆದೆ. 1200 ಸಾಕೆಟ್ಟಿನ ಬೋರ್ಡಿನಲ್ಲಿ ತೂತಿನಿಂದ ತೂತಿಗೆ 75 ಮಿಲಿಮೀಟರ್. ನನ್ನದು 1700, ಅದರಲ್ಲಿ 78. ಸಾಲದ್ದಕ್ಕೆ 1700ರಲ್ಲಿ ಚಿಪ್ ಸ್ವಲ್ಪ ತಗ್ಗಿನಲ್ಲಿ ಕೂರುತ್ತದೆ. ಹಳೆಯ ಕ್ಲಿಪ್ ಸಿಕ್ಕಿಕೊಂಡರೂ ಒತ್ತಡ ಸಾಲುವುದಿಲ್ಲ.

ವಾಪಸ್ ಒಯ್ದೆ. ‘ಪೇಸ್ಟ್ ಹಚ್ಚಿದ ಮೇಲೆ ತಗೊಳ್ಳಲ್ಲ ಸಾರ್.’ ಬಿಲ್ ಕೇಳಿರಲಿಲ್ಲ, ಜಗಳ ಆಡೋಕೂ ಕೈಯಲ್ಲಿ ಏನಿಲ್ಲ.

ಎರಡನೇ ಸಲ ಟೇಪ್ ಹಿಡಿದುಕೊಂಡೇ ಆರಿಸಿದೆ. ಡಬ್ಬದ ಮೇಲೆ 1700 ಅಂತ ಅಚ್ಚಾಗಿರಬೇಕು, ಸ್ಟಿಕರ್ ಅಂಟಿಸಿದ್ದರೆ ಒಳಗೆ ಹೊಸ ಬ್ರಾಕೆಟ್ ಇದೆಯಾ ಅಂತ ತೆಗೆಸಿ ನೋಡಬೇಕು. ನನ್ನ ಕ್ಯಾಬಿನೆಟ್ಟಿನಲ್ಲಿ 160 ಮಿಲಿಮೀಟರ್ ಎತ್ತರದ ಕೂಲರ್‌ವರೆಗೆ ಜಾಗ ಇದೆ, ತಂದದ್ದು 155ರದು. 160 ದಾಟಿದರೆ ಪಕ್ಕದ ಬಾಗಿಲೇ ಮುಚ್ಚುವುದಿಲ್ಲ. ರ‍್ಯಾಮ್ ಎತ್ತರ ಇದ್ದರೆ ಫ್ಯಾನಿಗೆ ತಾಗುತ್ತದಾ ಅಂತಲೂ ನೋಡಿ. 65 ವ್ಯಾಟ್ ಚಿಪ್ ಅಂತ ಚಿಕ್ಕದು ಸಾಕು ಅನ್ನುತ್ತಾರೆ, ನಂಬಬೇಡಿ. ಟರ್ಬೊದಲ್ಲಿ, ಅಂದರೆ ವೇಗ ಏರಿಸಿಕೊಂಡಾಗ, ಇದೇ ಚಿಪ್ 117 ವ್ಯಾಟ್‌ವರೆಗೆ ಎಳೆಯುತ್ತದೆ. ಡಬ್ಬದ ಮೇಲಿನ ಡೆಸಿಬಲ್ ಲೆಕ್ಕಕ್ಕೆ ನಾನಂತೂ ಬೆಲೆ ಕೊಡುವುದಿಲ್ಲ. ಎಷ್ಟು ದೂರದಿಂದ, ಎಷ್ಟು ಆರ್‌ಪಿಎಂನಲ್ಲಿ ಅಳೆದರು ಅಂತ ಹೇಳದಿದ್ದರೆ ಅದು ಬರೀ ನಂಬರ್. 92ರ ಬದಲು 120 ಮಿಲಿಮೀಟರ್ ಫ್ಯಾನ್ ತಗೊಳ್ಳಿ. ಅಷ್ಟೇ ಗಾಳಿಯನ್ನು ನಿಧಾನಕ್ಕೆ ತಿರುಗಿ ಕೊಡುತ್ತದೆ.

ಈಗ ಬೋರ್ಡಿನ ಹಿಂದೆ ಪ್ಲೇಟ್ ಇಟ್ಟು ಸ್ಕ್ರೂ ಬಿಗಿದಿದ್ದೇನೆ. 60 ಡಿಗ್ರಿವರೆಗೆ ಫ್ಯಾನ್ ಜೋರಾಗಬಾರದು ಅಂತ ಬಯೋಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ಸ್) ಹೇಳಿಟ್ಟಿದ್ದೇನೆ. ಎಕ್ಸ್‌ಪೋರ್ಟ್ ಹಾಕಿದರೂ ಕೇಳುವುದು ಸೀಲಿಂಗ್ ಫ್ಯಾನಿನ ಸದ್ದೇ.

ಹಳೆಯದು ಅಟ್ಟದ ಮೇಲಿದೆ. 1200 ಸಾಕೆಟ್ಟಿನವರು ಯಾರಿಗಾದರೂ ಬೇಕಾ? ಸುಮ್ನೆ ಕೊಡುತ್ತೇನೆ. ಒಂದು ಪಿನ್ ಬಗ್ಗಿದೆ, ಲೈಟ್ ಮಾತ್ರ ಚೆನ್ನಾಗಿ ಉರಿಯುತ್ತದೆ.