ರೀಲ್ ಡ್ರ್ಯಾಗಿಗೆ ಗ್ರೀಸ್ ಹಚ್ಬೇಕಾ, ಒಣಗೇ ಬಿಡ್ಬೇಕಾ?

ಸೂಳೆಕೆರೆಗೆ ಗಾಳ ಹಾಕೋಕೆ ಹೋಗೋ ನಮ್ಮ ದಾವಣಗೆರೆ ಹುಡುಗ್ರು ಇದನ್ನೇ ಕೇಳ್ತಿರ್ತಾರೆ. ಡ್ರ್ಯಾಗ್ ಅಂದ್ರೆ ಗಾಳದ ರೀಲಿನ ಬ್ರೇಕು, ಮೀನು ಜೋರಾಗಿ ಎಳೆದಾಗ ದಾರ ಕಟ್ಟಾಗದಂಗೆ ಹಿಡಿದು ಹಿಡಿದು ಬಿಡುತ್ತೆ. ಮೊದ್ಲು ಡ್ರ್ಯಾಗ್ ಬಿಗಿ-ಸಡಿಲ ಮಾಡೋ ನಾಬ್ ಬಿಚ್ಚಿ ಒಳಗೆ ಯಾವ ವಾಷರ್ ಐತೆ ನೋಡ್ರಿ. ಫೆಲ್ಟ್ (ಒತ್ತಿದ ಉಣ್ಣೆ ಬಟ್ಟೆ ಥರದ್ದು) ಆದ್ರೆ ಯೋಚ್ನೇನೇ ಬ್ಯಾಡ, ಗ್ರೀಸ್ ಹಚ್ರಿ, ಒಣಗಿದ್ರೆ ಬೇಗ ಸವೆಯುತ್ತೆ.

ಕಾರ್ಬನ್ ಆದ್ರೆ ಎರಡೂ ನಡೀತದೆ, ತಲೆನೋವು ಇರೋದೇ ಇಲ್ಲಿ. ಒಣಗೇ ಬಿಟ್ರೆ ಹಿಡಿತ ಸ್ವಲ್ಪ ಜಾಸ್ತಿ, ಆದ್ರೆ ಒಳಗೆ ನೀರು ಹೋದ್ರೆ ಜರ್ಕ್ ಹೊಡೆಯುತ್ತೆ, ಮಧ್ಯದ ಲೋಹದ ವಾಷರಿಗೆ ತುಕ್ಕೂ ಹಿಡೀಬೋದು. ಹೋದ ಮಳೆಗಾಲ ನಂದು ಹಂಗೇ ಆಯ್ತು ನೋಡ್ರಿ, ಒಳ್ಳೆ ಕಾಟ್ಲಾ ಒಂದು ಎಳ್ಕೊಂಡು ಓಡ್ತಿತ್ತು, ದಾರ ಸುತ್ತಿರೋ ಸ್ಪೂಲ್ ಟಕ್ ಅಂತ ನಿಂತು ದಾರ ಕಟ್, ಮೀನೂ ಹೋಯ್ತು ಗಾಳನೂ ಹೋಯ್ತು.

ಗ್ರೀಸ್ ಹಚ್ಚಿದ್ರೆ ಹಿಡಿತ ಚೂರು ಕಮ್ಮಿ, ಆದ್ರೆ ದಾರ ಬೆಣ್ಣೆ ಹಂಗೆ ಬಿಡುತ್ತೆ. ನನ್ ಓಟು ಇದಕ್ಕೇ. ಡ್ರ್ಯಾಗಿಗೆ ಅಂತಾನೇ ಬರೋ ಗ್ರೀಸ್ ತಗಳ್ರಿ, ಬೈಕ್ ಬೇರಿಂಗಿಗೆ ಹಾಕೋ ಗ್ರೀಸ್ ಬ್ಯಾಡ. ಬೆರಳಲ್ಲಿ ತೆಳ್ಳಗೆ ಸವರಿ ಹೆಚ್ಚಾಗಿದ್ದನ್ನ ಬಟ್ಟೇಲಿ ಒರೆಸಿ, ವಾಷರ್ ಬಿಚ್ಚಿದ ಕ್ರಮದಲ್ಲೇ ಕೂರ್ಸಿ. ಯಾವ್ದೇ ಇರ್ಲಿ, ಮನೆಗೆ ಬಂದ್ಮೇಲೆ ನಾಬ್ ಸಡಿಲ ಮಾಡಿಡ್ರಿ, ಬಿಗಿಯಾಗೇ ಬಿಟ್ರೆ ವಾಷರ್ ಅಮುಕಿ ಕೂತ್ಬಿಡುತ್ತೆ.